ಲೆಕ್ಕಕ್ಕೂ ಕೈಕಾಲು ಬೇಕು

ಪ್ರೌಢಶಾಲೆಯಲ್ಲಿ 32 ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಹಾಗಿದ್ದೂ ಮೂರನೆಯ ತರಗತಿಯಲ್ಲಿರುವ ನನ್ನ ಮೊಮ್ಮಗನಿಗೆ ವ್ಯವಕಲನ ಕಲಿಸಲು ಹೋಗಿ ಸೋತೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ. 'ಬುದ್ಧಿವಂತ, ಆದರೆ ಕುಳಿತಲ್ಲಿ ಕೂರುವುದಿಲ್ಲ. ಗಣಿತದಲ್ಲಿ ಹಿಂದೆ' ಎಂಬ ಷರಾ ಹೊತ್ತ ಪ್ರಗತಿಪತ್ರ ಶಾಲೆಯಿಂದ ಬಂದಾಗ, ಅವನನ್ನು ತಿದ್ದುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೆ.

42ರಲ್ಲಿ 17 ಕಳೆದರೆ 35 ಎಂದು ಹುಡುಗ ಬರೆಯುತ್ತಿದ್ದ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಹೇಳಿದ್ದನ್ನು ಅವನು ನಿಷ್ಠೆಯಿಂದ ಪಾಲಿಸಿದ್ದ. 'ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತೆಗೆದುಕೋ' ಎಂದೆ. ಕಾಲು ಕುಣಿಸುತ್ತ ಕುಳಿತಿದ್ದವನು 'ಸಾಲ ತಂದರೆ ವಾಪಸು ಕೊಡುವುದು ಯಾವಾಗ, ತಾತ?' ಎಂದು ಕೇಳಿದ. 'ಮೊದಲು ನೆಟ್ಟಗೆ ಕೂತುಕೋ' ಎಂದು ಗದರಿದೆ. ಕೆಲವು ದಿನಗಳ ಬಳಿಕ ಅಡುಗೆಮನೆಯಲ್ಲಿ ಅವನು ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: 'ನಾನು ದಡ್ಡ ಅಮ್ಮ, ನನಗೆ ಲೆಕ್ಕ ಬರುವುದಿಲ್ಲ.'

ಎಂಟು ವರ್ಷದ ಮಗು ತನ್ನ ಬಗ್ಗೆ ಇಂಥ ತೀರ್ಪು ಕೊಟ್ಟುಕೊಂಡರೆ ಅದು ಅನೇಕ ವೇಳೆ ಜೀವನಪರ್ಯಂತ ಉಳಿಯುತ್ತದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹುಡುಗ ಕೇಳಿದ್ದು ತುಂಟ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ. ತೀರಿಸದ ಸಾಲ ಎಂಥ ಸಾಲ?

ಮರುದಿನ ಪುಸ್ತಕವನ್ನು ಮುಚ್ಚಿಟ್ಟು ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದಕ್ಕೆ ಮುರಿದು, ಹತ್ತು ಹತ್ತರ ಕಟ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಕಟ್ಟುಗಳನ್ನು ಒಂದು ಕೋಣೆಯಲ್ಲಿಯೂ ಬಿಡಿಕಡ್ಡಿಗಳನ್ನು ಇನ್ನೊಂದರಲ್ಲಿಯೂ ಇಟ್ಟು '42 ತೆಗೆದುಕೊಂಡು ಬಾ' ಎಂದೆ. ಓಡಿದ; ನಾಲ್ಕು ಕಟ್ಟು, ಎರಡು ಬಿಡಿಕಡ್ಡಿ ತಂದ. 'ಈಗ ನನಗೆ 17 ಕೊಡು' ಎಂದೆ. ಒಂದು ಕಟ್ಟು ಕೊಟ್ಟು, ಉಳಿದ ಎರಡು ಕಡ್ಡಿಗಳನ್ನು ನೋಡುತ್ತ ನಿಂತ. ಆಮೇಲೆ ಯಾರೂ ಹೇಳದೆ ಇನ್ನೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ, ಏಳನ್ನು ಎಣಿಸಿ ಕೊಟ್ಟ. ಅವನ ಬಳಿ ಎರಡು ಕಟ್ಟು, ಐದು ಕಡ್ಡಿ ಉಳಿದವು. ದಿನವೂ ತಾಯಿಯೊಡನೆ ಹಾಲಿನಂಗಡಿಗೆ ಹೋಗುವ ಹುಡುಗ ಹೇಳಿದ: 'ಇದು ಸಾಲ ಅಲ್ಲ ತಾತ, ಚಿಲ್ಲರೆ!'

32 ವರ್ಷಗಳಲ್ಲಿ ನನಗೆ ಹೊಳೆಯದಿದ್ದ ಮಾತು ಅದು. ಹತ್ತನ್ನು ಒಡೆದು ಚಿಲ್ಲರೆ ಮಾಡಿಕೊಂಡರೆ ಯಾರಿಗೂ ಏನನ್ನೂ ಹಿಂತಿರುಗಿಸಬೇಕಾಗಿಲ್ಲ.

ಅಂದಿನಿಂದ ನಮ್ಮ ಮನೆಯೇ ಪಾಠಶಾಲೆ. ನಾವಿರುವುದು ಮೂರನೆಯ ಮಹಡಿಯಲ್ಲಿ. ಕೆಳಗಿಳಿಯಲು ಒಂಬತ್ತು ಒಂಬತ್ತು ಮೆಟ್ಟಿಲುಗಳ ಆರು ಸಾಲುಗಳಿವೆ. ಪ್ರತಿ ತಿರುವಿನಲ್ಲಿಯೂ ಮೊತ್ತವನ್ನು ಕೂಗಬೇಕೆಂಬುದು ಒಪ್ಪಂದ: 9, 18, 27, 36, 45, 54. ಹತ್ತರ ಸ್ಥಾನ ಏರಿದಂತೆ ಬಿಡಿಯ ಸ್ಥಾನ ಇಳಿಯುವುದನ್ನು ಅವನೇ ಕಂಡುಕೊಂಡ. ಚೌಕಾಬಾರದಲ್ಲಿ ನನ್ನ ಕಾಯನ್ನು ಹೊಡೆಯಲು ಎಷ್ಟು ಬೀಳಬೇಕೆಂದು ಕವಡೆ ಎಸೆಯುವ ಮೊದಲೇ ಲೆಕ್ಕ ಹಾಕುತ್ತಾನೆ. ಅಳಗುಳಿಮಣೆಯ 14 ಗುಳಿಗಳಿಗೆ ಐದೈದರಂತೆ ಹುಣಸೆಬೀಜ ತುಂಬಿಸುವಾಗ 70 ಬೀಜ ಬೇಕೆಂಬುದು ಗುಣಾಕಾರದ ಪಾಠ.

ಭಿನ್ನರಾಶಿಗೆ ಅಡುಗೆಮನೆಗಿಂತ ಒಳ್ಳೆಯ ಕೊಠಡಿಯಿಲ್ಲ. ಚಪಾತಿಯನ್ನು ಎರಡು ಸಲ ಮಡಿಸಿದರೆ ಕಾಲು. ಅಂಥ ಮೂರು ಸೇರಿದರೆ ಮುಕ್ಕಾಲು. ನಮ್ಮ ಭಾಷೆ ಆ ಪದದೊಳಗೆಯೇ ಮೂರು ಕಾಲುಗಳನ್ನು ಇಟ್ಟುಕೊಂಡಿದೆ. ಇಂಗ್ಲಿಷ್ ಮಾಧ್ಯಮದಲ್ಲಿ 'ತ್ರೀ ಬೈ ಫೋರ್' ಎಂದು ಒಪ್ಪಿಸುವ ಮಗುವಿಗೆ ಈ ಸಂಪತ್ತನ್ನು ಮನೆಯವರಲ್ಲದೆ ಇನ್ನಾರು ಕೊಡಬೇಕು?

ಇದರಲ್ಲಿ ಹೊಸದೇನೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರ ಸಂಗ್ರಹ'ದಲ್ಲಿ ಗಣಿತದ ಉಪಯೋಗಗಳನ್ನು ಹೇಳುವಾಗ ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಜೊತೆಗೆ ಪಾಕಶಾಸ್ತ್ರವನ್ನೂ ಸೇರಿಸಿದ್ದಾನೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ' ಸರ್ಕಾರಿ ಶಾಲೆಯ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಯುವ ದಾರಿ ತೋರಿತು. ಮಗುವಿನ ಆಲೋಚನೆಯನ್ನೇ ಗಣಿತೀಕರಿಸುವುದು ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು. ಆದರೂ ನಗರದ ಮಧ್ಯಮವರ್ಗದವರಾದ ನಾವು ಮಗು ಚಡಪಡಿಸಿದೊಡನೆ ಇನ್ನೊಂದು ಟ್ಯೂಷನ್ನಿಗೆ ಹಣ ಕಟ್ಟುತ್ತೇವೆ. ಶಾಲೆಯಲ್ಲಿ ಆರು ತಾಸು ಕುಳಿತು ಬಂದವನನ್ನು ಮತ್ತೆ ಒಂದು ತಾಸು ಕೂರಿಸುತ್ತೇವೆ.

'ಹೀಗೆ ಕುಣಿಯುತ್ತಿದ್ದರೆ ಪರೀಕ್ಷೆಯಲ್ಲಿ ಬರೆಯುವುದು ಹೇಗೆ?' ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ. ಬರಿಯ ಆಟ ಲೆಕ್ಕವಾಗುವುದಿಲ್ಲ. ಕಡ್ಡಿಯಲ್ಲಿ ಮಾಡಿದ್ದನ್ನು ಮಗು ಬಾಯಿಬಿಟ್ಟು ಹೇಳಬೇಕು, ಅನಂತರ ಅಂಕಿಗಳಲ್ಲಿ ಬರೆಯಬೇಕು. ನಾವು ಕಾಲು ಗಂಟೆ ಓಡಾಡಿದ ಮೇಲೆ ಹತ್ತು ನಿಮಿಷ ಬರೆಯುತ್ತೇವೆ; ಆ ಹತ್ತು ನಿಮಿಷ ಹುಡುಗ ಕುಳಿತೇ ಇರುತ್ತಾನೆ. ಏನು ಬರೆಯಬೇಕೆಂದು ಅವನಿಗೆ ಗೊತ್ತಿರುವುದೇ ಅದಕ್ಕೆ ಕಾರಣವಿರಬೇಕು. ಎಲ್ಲ ಚಡಪಡಿಕೆಯೂ ಕಡ್ಡಿಯಿಂದ ನೀಗುತ್ತದೆಂದು ನಾನು ಹೇಳುತ್ತಿಲ್ಲ. ಮನೆ, ಶಾಲೆ, ಆಟದ ಬಯಲು ಎಲ್ಲೆಡೆಯೂ ಮಗುವಿಗೆ ತೊಂದರೆಯಾಗುತ್ತಿದ್ದರೆ ತಜ್ಞ ವೈದ್ಯರನ್ನು ಕಾಣಲೇಬೇಕು.

ಮೊಮ್ಮಗ ತರಗತಿಗೆ ಮೊದಲಿಗನೇನೂ ಆಗಿಲ್ಲ. ಹಿಂದಿನ ಕಿರುಪರೀಕ್ಷೆಯಲ್ಲಿ ಲೆಕ್ಕದ ಪಕ್ಕದಲ್ಲಿ ಪುಟ್ಟ ಪುಟ್ಟ ಕಟ್ಟುಗಳ ಚಿತ್ರ ಬರೆದಿದ್ದ. ಉತ್ತರ ಸರಿಯಿತ್ತು, 'ಇಲ್ಲಿ ಚಿತ್ರ ಬರೆಯಬಾರದು' ಎಂಬ ಕೆಂಪು ಶಾಯಿಯ ಸೂಚನೆಯೂ ಇತ್ತು. ಆ ಶಿಕ್ಷಕಿಯನ್ನು ದೂರಲಾರೆ. ಒಂದು ಕೋಣೆಯಲ್ಲಿ 40 ಮಕ್ಕಳನ್ನು ನಿಭಾಯಿಸುವ ಕಷ್ಟವನ್ನು ನಾನೂ ಬಲ್ಲೆ. ಆದರೆ ಕೆಳ ತರಗತಿಗಳ ಉತ್ತರಪತ್ರಿಕೆಯಲ್ಲಿ ಅಂಥ ಚಿತ್ರಗಳಿಗೆ ಒಂದಿಷ್ಟು ಜಾಗ ಬಿಡುವುದು ಯಾವ ಶಾಲೆಗೂ ಹೊರೆಯಾಗದು. ತಂದೆತಾಯಿಗಳು ದಿನಕ್ಕೆ ಅರ್ಧ ತಾಸು ಬಿಡುವು ಮಾಡಿಕೊಂಡರೆ ಸಾಕು. ಸಾಮಗ್ರಿ ಮನೆಯಲ್ಲಿಯೇ ಇದೆ.

ಈಚೆಗೆ ನನಗೆ ನೆನಪಾಗುವುದು ಬೆಂಚಿನ ಮೇಲೆ ನಾನು ನಿಲ್ಲಿಸಿದ ಹುಡುಗರು. ಅವರಲ್ಲಿ ಎಷ್ಟೋ ಮಂದಿ ಲೆಕ್ಕ ತಮಗೆ ಸಲ್ಲದ ವಿದ್ಯೆ ಎಂದುಕೊಂಡೇ ಶಾಲೆ ಬಿಟ್ಟಿರಬೇಕು. ಅವರೂ ಏನನ್ನೋ ಕೇಳಿರಬಹುದು. ನಾನು 'ನೆಟ್ಟಗೆ ಕೂತುಕೋ' ಎಂದಿದ್ದೆ. ಆ ಸಾಲವನ್ನು ಹಿಂತಿರುಗಿಸುವ ದಾರಿ ಮಾತ್ರ ನನಗೆ ಈಗ ತಿಳಿಯದು.