ಬರಿಯ ಕಾಗದಕ್ಕೆ ಹಾಕಿದ ರುಜು

“ರುಜು ಹಾಕಿದವನು ನೀನೇ ತಾನೆ? ಇನ್ನೇಕೆ ಮಾತು?” ಸಾಹುಕಾರನು ಹೀಗೆ ಕೇಳಿದೊಡನೆ ನಮ್ಮ ಗಿರಣಿಯ ಕೆಲಸಗಾರನು ತಲೆ ತಗ್ಗಿಸಿಬಿಡುತ್ತಾನೆ. ರುಜು ಬಿದ್ದ ಮೇಲೆ ಎಲ್ಲವೂ ಮುಗಿಯಿತೆಂದು ಅವನ ನಂಬಿಕೆ. ಕಾಯಿದೆ ಹಾಗೆ ಹೇಳುವುದಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಒಡಂಬಡಿಕೆ ಊರ್ಜಿತವಾಗಬೇಕಾದರೆ ಸ್ವತಂತ್ರ ಒಪ್ಪಿಗೆ ಬೇಕು, ನ್ಯಾಯಬದ್ಧವಾದ ಪ್ರತಿಫಲವೂ ಬೇಕು. ಬಲಾತ್ಕಾರದಿಂದಲೋ ಅನುಚಿತ ಪ್ರಭಾವದಿಂದಲೋ ಮೋಸದಿಂದಲೋ ಒಪ್ಪಿಸಿಕೊಂಡಿದ್ದರೆ ಒಪ್ಪಿದವನು ಅದನ್ನು ರದ್ದು ಮಾಡಿಸಬಹುದು. ಹದಿನೆಂಟು ತುಂಬದ ಹುಡುಗನ ಕರಾರಂತೂ ಹುಟ್ಟುವಾಗಲೇ ಸತ್ತದ್ದು; 1903ರಲ್ಲಿ ಕಲ್ಕತ್ತೆಯ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲು ಹಾಗೆಂದೇ ತೀರ್ಪಿತ್ತಿತು.

ಪ್ರತಿಫಲವೆಂದರೆ ಮಾತು ಕೊಟ್ಟವನ ಇಚ್ಛೆಯಂತೆ ಎದುರಿನವನು ಕೊಟ್ಟದ್ದು ಅಥವಾ ಮಾಡಿದ್ದು. ಅಂಗಡಿಕಾರರಿಗೆ ಹಿತವೆನಿಸುವ ಪ್ರಸಂಗ ಒಂದಿದೆ. ಕಲೆಕ್ಟರ ಸಾಹೇಬರ ಅಪ್ಪಣೆಯಂತೆ ಒಬ್ಬಾತ ಪೇಟೆಯಲ್ಲಿ ಮಳಿಗೆಗಳನ್ನು ಕಟ್ಟಿಸಿದ. ಅಲ್ಲಿ ಕುಳಿತ ವ್ಯಾಪಾರಿಗಳು ಅವನಿಗೆ ಕಮಿಷನ್ ಕೊಡುವುದಾಗಿ ಒಪ್ಪಿದರು, ಆಮೇಲೆ ಕೊಡಲಿಲ್ಲ. 1880ರಲ್ಲಿ ಅಲಹಾಬಾದಿನ ಹೈಕೋರ್ಟು ವಸೂಲಿಗೆ ಅವಕಾಶವಿಲ್ಲವೆಂದಿತು. ಕಟ್ಟಿಸಿದ್ದು ಕಲೆಕ್ಟರರ ಇಚ್ಛೆಯಿಂದ, ವ್ಯಾಪಾರಿಗಳ ಇಚ್ಛೆಯಿಂದಲ್ಲ!

ಆದರೆ ಪ್ರತಿಫಲ ಇದ್ದರೆ ಸಾಕು, ಅದು ತಕ್ಕಷ್ಟು ಇರಬೇಕೆಂದಿಲ್ಲ. ಸಾವಿರ ರೂಪಾಯಿಯ ಕುದುರೆಯನ್ನು ಮನಸಾರೆ ಒಪ್ಪಿ ಹತ್ತು ರೂಪಾಯಿಗೆ ಮಾರಿದರೂ ಕರಾರು ಊರ್ಜಿತವೆಂದು ಕಾಯಿದೆಯೇ ಉದಾಹರಣೆ ಕೊಡುತ್ತದೆ. “ನಾನು ಮನಸಾರೆ ಒಪ್ಪಲಿಲ್ಲ” ಎಂದು ಮಾರಿದವನು ತಕರಾರು ಎತ್ತಿದಾಗ ಮಾತ್ರ ಆ ಕಡಿಮೆ ಬೆಲೆಯನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನಸಾರೆ ಒಪ್ಪಿ ಹತ್ತು ರೂಪಾಯಿಗೆ ಕುದುರೆ ಮಾರುವ ಮಹಾನುಭಾವನನ್ನು ನಾನಂತೂ ಕಂಡಿಲ್ಲ.

ಇನ್ನು ಪ್ರಾಮಿಸರಿ ನೋಟಿನ ವಿಷಯ. ಬಡವನು ಸಿಕ್ಕಿಬೀಳುವುದು ಇಲ್ಲಿಯೇ. ಮಗಳ ಮದುವೆಗೆಂದೋ ಆಸ್ಪತ್ರೆಯ ಖರ್ಚಿಗೆಂದೋ ಐದು ಸಾವಿರ ಪಡೆದು, ಸ್ಟಾಂಪು ಹಚ್ಚಿದ ಖಾಲಿ ಕಾಗದಕ್ಕೆ ರುಜು ಹಾಕಿ ಬರುತ್ತಾನೆ. ಮುಂದೆ ಅದರಲ್ಲಿ ಐವತ್ತು ಸಾವಿರ ಬರೆದುಕೊಂಡರೆ? 1881ರ ಕಾಯಿದೆಯ 118ನೆಯ ಕಲಮು ನೋಟಿಗೆ ಪ್ರತಿಫಲ ಸಂದಿದೆಯೆಂದೇ ಮೊದಲು ಭಾವಿಸುತ್ತದೆ. ಹಣ ಅಷ್ಟು ಬಂದಿಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲಗಾರನ ತಲೆಯ ಮೇಲೆ. ಸಾಕ್ಷಿ ಎಲ್ಲಿಂದ ತರಬೇಕು? ಆ ಹೊತ್ತು ಅಲ್ಲಿ ಇದ್ದವರು ಸಾಹುಕಾರ ಮತ್ತು ಅವನ ಗುಮಾಸ್ತ. ಕೂಲಿಕಾರನಿಗೆ ಸಾಲ ಕೊಟ್ಟವನೇ ತಾನು ಎಷ್ಟು ಎಣಿಸಿಕೊಟ್ಟೆನೆಂದು ತೋರಿಸಲಿ. ಈ ಕಲಮನ್ನು ಅಷ್ಟರಮಟ್ಟಿಗೆ ತಿದ್ದಲೇಬೇಕು.

ಕಷ್ಟವೇ ಬಲಾತ್ಕಾರವಲ್ಲವೆ ಎಂದು ಕೇಳುವಿರಿ. ಪ್ರಿವಿ ಕೌನ್ಸಿಲಿನ ದೊರೆಗಳು ಒಪ್ಪಲಿಲ್ಲ. ರಘುನಾಥ ಪ್ರಸಾದನ ಮೊಕದ್ದಮೆಯಲ್ಲಿ ಸೇಕಡಾ 24ರ ಚಕ್ರಬಡ್ಡಿಯಿಂದ ಹತ್ತು ಸಾವಿರ ರೂಪಾಯಿ ಹನ್ನೊಂದು ವರ್ಷಗಳಲ್ಲಿ ಲಕ್ಷ ದಾಟಿತ್ತು. ಆದರೂ ಸಾಲಿಗನು ಸಾಲಗಾರನ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದನೆಂದು ಮೊದಲು ತೋರಿಸಬೇಕು, ಬರಿಯ ಗರಜು ಸಾಲದು ಎಂದರು. ಗಾಳಿ ಬೇರೆ ಕಡೆ ಬೀಸಲು ಅರುವತ್ತು ವರ್ಷ ಹಿಡಿಯಿತು. 1982ರಲ್ಲಿ ಏಷ್ಯನ್ ಕ್ರೀಡೆಗಳ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ, ಹಸಿವಿನ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿಯವರ ಪೀಠ ಸಾರಿತು. 1986ರಲ್ಲಿ ಬ್ರೋಜೊನಾಥ ಗಂಗೂಲಿಯವರ ಮೊಕದ್ದಮೆಯಲ್ಲಿ, ಮೂರು ತಿಂಗಳ ನೋಟೀಸು ಕೊಟ್ಟು ಕಾಯಂ ನೌಕರನನ್ನೂ ಮನೆಗೆ ಕಳಿಸುವ ಸರ್ಕಾರಿ ಕಂಪನಿಯ ನಿಯಮವನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸಮಬಲವಿಲ್ಲದವರ ನಡುವಿನ ಅನ್ಯಾಯದ ಕರಾರಿಗೆ ತಾನು ಬಲ ಕೊಡಲಾರೆನೆಂದಿತು.

ಕಡೆಗೊಂದು ಮಾತು. ಹಳೆಯ ಸಾಲಕ್ಕೆ ಮೂರು ವರ್ಷದ ವಾಯಿದೆ ತೀರಿದ ಮೇಲೆ “ಸುಮ್ಮನೆ ನೋಟು ಬದಲಾಯಿಸಿ ಕೊಡು” ಎಂದು ಯಾರಾದರೂ ನಗುನಗುತ್ತಾ ಬಂದರೆ ಎಚ್ಚರ. ಕರಾರು ಕಾಯಿದೆಯ 25ನೆಯ ಕಲಮಿನಂತೆ ವಾಯಿದೆ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ರುಜು ಮಾಡಿದರೆ ಹೊಸದಾಗಿ ಒಂದು ಕಾಸು ಕೈಗೆ ಬರದಿದ್ದರೂ ಅದು ಕಟ್ಟಿಹಾಕುತ್ತದೆ.