ಬೇಗ ಹೋದರೆ ಸಾಲದು, ಕ್ಷೇಮವಾಗಿ ಸೇರಬೇಕು

ಪರಸ್ಥಳಕ್ಕೆ ಗಂಟು ಕಳುಹಿಸುವವರಿಗೆ ಎರಡು ಚಿಂತೆಗಳು ಸಹಜ. ಅದು ಬೇಗ ಸೇರೀತೆ? ಕಟ್ಟಿದಂತೆಯೇ ಸೇರೀತೆ? ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಫೈಲು ಕಳುಹಿಸುವವರಿಗೂ ಈ ಚಿಂತೆಗಳು ತಪ್ಪಿದ್ದಲ್ಲ. ಮೈಸೂರಿನಲ್ಲಿ ನಡೆದ ಮದುವೆಯ ಸಾವಿರಾರು ಚಿತ್ರಗಳು ಕ್ಯಾಲಿಫೋರ್ನಿಯದಲ್ಲಿರುವ ಮಗನ ಕಂಪ್ಯೂಟರನ್ನು ಸೇರಬೇಕಾಗಿದೆ ಎಂದು ಭಾವಿಸಿರಿ. ರಾತ್ರಿಯೆಲ್ಲ ದುಡಿದ ಯಂತ್ರ ಬೆಳಗಿನ ಜಾವ ಸಂಪರ್ಕ ಕಡಿದು ನಿಂತರೆ ಬೇಸರ. ಎಲ್ಲವೂ ಸೇರಿತೆಂದು ನಂಬಿ ಮೂಲವನ್ನು ಅಳಿಸಿದ ಮೇಲೆ ಅಲ್ಲಿ ಚಿತ್ರಗಳು ತೆರೆಯದೆ ಹೋದರೆ ಅದು ತುಂಬಿ ಬಾರದ ನಷ್ಟ. ಇವೆರಡನ್ನೂ ತಪ್ಪಿಸುವ ಉಪಾಯ ಬಹುಮಟ್ಟಿಗೆ ತಂತ್ರಾಂಶದ ಸೆಟ್ಟಿಂಗುಗಳಲ್ಲಿಯೇ ಅಡಗಿದೆ.

ಫೈಲು ಸಾಗಣೆಗೆ ಮೊದಲು ನಿಯಮಾವಳಿ ಬರೆದವರು ಭಾರತೀಯರೆಂಬುದು ಹಲವರಿಗೆ ತಿಳಿಯದು. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ ಪದವಿ ಪಡೆದು ಅಮೆರಿಕದ ಎಂ.ಐ.ಟಿ.ಗೆ ತೆರಳಿದ ಅಭಯ ಭೂಷಣರು 1971ರ ಏಪ್ರಿಲ್‌ನಲ್ಲಿ ಎಫ್.ಟಿ.ಪಿ. ಎಂಬ ಪದ್ಧತಿಯ ಮೊದಲ ರೂಪವನ್ನು ಪ್ರಕಟಿಸಿದರು. ಪಠ್ಯದಲ್ಲಿ ಸಾಲು ಮುಗಿಯಿತೆಂದು ಸೂಚಿಸುವ ಗುರುತು ಎಲ್ಲ ಯಂತ್ರಗಳಲ್ಲಿಯೂ ಒಂದೇ ಅಲ್ಲ. ಆದ್ದರಿಂದ ಈ ಪದ್ಧತಿಯ ಪಠ್ಯ ರೀತಿಯಲ್ಲಿ ಆ ಗುರುತುಗಳು ದಾರಿಯಲ್ಲಿ ಮಾರ್ಪಡುತ್ತವೆ. ಪತ್ರಕ್ಕೆ ಇದು ಉಪಕಾರ, ಚಿತ್ರಕ್ಕೆ ಮಾತ್ರ ಮಾರಕ. ಚಿತ್ರದೊಳಗಿನ ಅಂಥದೇ ಬೈಟುಗಳೂ ಬದಲಾಗಿ ಫೈಲು ಕೆಡುತ್ತದೆ. ಚಿತ್ರ, ಸಂಗೀತ, ಚಲನಚಿತ್ರಗಳಿಗೆ ಬೈನರಿ ರೀತಿಯೊಂದೇ ಸರಿ. ಹಳೆಯ ಎಫ್.ಟಿ.ಪಿ.ಯಲ್ಲಿ ಗುಪ್ತಪದವೂ ತೆರೆದ ಅಂಚೆಕಾರ್ಡಿನಂತೆ ಸಾಗುವುದರಿಂದ, ಎಲ್ಲವನ್ನೂ ಮುಚ್ಚಿ ಒಯ್ಯುವ ಎಸ್.ಎಫ್.ಟಿ.ಪಿ.ಯನ್ನು ಬಳಸುವುದು ಲೇಸು.

ಇನ್ನು ವೇಗದ ಮಾತು. ದುಬಾರಿ ಸಂಪರ್ಕವಿದ್ದರೂ ದೂರದೇಶಕ್ಕೆ ಫೈಲು ಕುಂಟುತ್ತ ಹೋಗುವುದೇಕೆ? ಕಳುಹಿಸುವ ಯಂತ್ರ ಸ್ವಲ್ಪ ಮಾಹಿತಿಯನ್ನು ಅಟ್ಟಿ, "ತಲುಪಿತು" ಎಂಬ ಉತ್ತರಕ್ಕಾಗಿ ಕಾಯುತ್ತದೆ. ಉತ್ತರ ಬರುವ ಮುನ್ನ ಎಷ್ಟು ಕಳುಹಿಸಬಹುದೆಂಬ ಮಿತಿಗೆ ವಿಂಡೋ ಎಂದು ಹೆಸರು. ಮೊದಲಿನ ನಿಯಮದಲ್ಲಿ ಈ ಮಿತಿ 65,535 ಬೈಟು. ಮಾಹಿತಿ ಹೋಗಿ ಉತ್ತರ ಬರಲು ಸೆಕೆಂಡಿನ ಐದನೆಯ ಒಂದು ಭಾಗ ಹಿಡಿದರೆ, ಸೆಕೆಂಡಿಗೆ ಸಾಗುವುದು ಸುಮಾರು 3,27,000 ಬೈಟು ಮಾತ್ರ. ಒಂದು ಗಿಗಾಬೈಟಿಗೆ ಬೇಕಾಗುವ ಕಾಲ ಸುಮಾರು 51 ನಿಮಿಷ! ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ದಾರಿ ಪೂರ್ಣವಾಗಿ ಬಳಕೆಯಾದರೆ ಅದೇ ಕೆಲಸಕ್ಕೆ 80 ಸೆಕೆಂಡು ಸಾಕು. ವಿಂಡೋವನ್ನು ಹಿಗ್ಗಿಸುವ ಕ್ರಮ 1992ರಲ್ಲಿ ಬಂದಿತು. ಈಗಿನ ಯಂತ್ರಗಳು ತಾವಾಗಿಯೇ ಅದನ್ನು ಪಾಲಿಸುತ್ತವೆ. ಆದರೂ ಕೆಲವು ತಂತ್ರಾಂಶಗಳು ತಮ್ಮದೇ ಮಿತಿಯನ್ನು ಇಟ್ಟುಕೊಂಡಿರುವುದುಂಟು. ಅಂಥಲ್ಲಿ ಏಕಕಾಲಕ್ಕೆ ಮೂರು ನಾಲ್ಕು ಫೈಲುಗಳು ಹೋಗುವಂತೆ ಸೆಟ್ಟಿಂಗನ್ನು ಬದಲಾಯಿಸಿದರೆ ವೇಗ ಹೆಚ್ಚುತ್ತದೆ. ಹಾಗೆಂದು ಮೂವತ್ತಕ್ಕೆ ಏರಿಸುವುದು ವಿವೇಕವಲ್ಲ. ದಾರಿ ತುಂಬಿದ ಮೇಲೆ ಅವು ಒಂದನ್ನೊಂದು ತಡೆಯುತ್ತವೆ, ಮನೆಯವರ ಉಳಿದ ಕೆಲಸಗಳೂ ನಿಲ್ಲುತ್ತವೆ.

ಸಾವಿರ ಸಣ್ಣ ಫೈಲುಗಳಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಮಾತುಕತೆ ನಡೆಯಬೇಕಾಗುವುದು. ಅವನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ ಕಳುಹಿಸಿದರೆ ಕಾಲ ಉಳಿಯುತ್ತದೆ. ಆದರೆ ಜೆಪೆಗ್ ಚಿತ್ರಗಳು ಮೊದಲೇ ಕುಗ್ಗಿಸಲ್ಪಟ್ಟವು. ಅವನ್ನು ಮತ್ತೆ ಕುಗ್ಗಿಸಲು ಹೊರಡುವುದು ಯಂತ್ರಕ್ಕೆ ವ್ಯರ್ಥಶ್ರಮ. ಆ ಆಯ್ಕೆ ಪಠ್ಯಕ್ಕೂ ಲೆಕ್ಕದ ಪಟ್ಟಿಗಳಿಗೂ ಮೀಸಲಾಗಿರಲಿ.

ಸಂಪರ್ಕ ನಡುವೆ ಕಡಿದರೆ? ಇದಕ್ಕೆ ಸೊಗಸಾದ ಪರಿಹಾರವನ್ನು ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲಿ ಕೊಟ್ಟರು. ಅದರ ಹೆಸರು ಆರ್‌ಸಿಂಕ್. ತಲುಪಬೇಕಾದ ಕಡೆ ಫೈಲಿನ ಹಳೆಯ ಪ್ರತಿ ಇದ್ದರೆ ಅದನ್ನು ತುಂಡು ತುಂಡಾಗಿ ಪರಿಗಣಿಸಿ, ಪ್ರತಿ ತುಂಡಿಗೂ ಲೆಕ್ಕ ಹಾಕಿದ ಗುರುತಿನ ಸಂಖ್ಯೆಗಳನ್ನು ಕಳುಹಿಸುವವನಿಗೆ ತಿಳಿಸಲಾಗುತ್ತದೆ. ಅವನು ಹೊಂದಿಕೆಯಾಗದ ಭಾಗವನ್ನಷ್ಟೇ ಕಳುಹಿಸುತ್ತಾನೆ. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಅರ್ಧಕ್ಕೆ ನಿಂತ ಫೈಲನ್ನು ಇದು ಸಾಮಾನ್ಯವಾಗಿ ಅಳಿಸಿಬಿಡುತ್ತದೆ. ಉಳಿಸಿಕೊಂಡು ಮುಂದುವರಿಯಬೇಕಾದರೆ ಪಾರ್ಷಿಯಲ್ ಎಂಬ ಆಯ್ಕೆಯನ್ನು ಸೇರಿಸಬೇಕು. ಡಿಲೀಟ್ ಎಂಬ ಆಯ್ಕೆಯನ್ನಾದರೋ ಬಲು ಜಾಗ್ರತೆಯಿಂದ ಬಳಸಬೇಕು. ಮೂಲದಲ್ಲಿ ಇಲ್ಲದಿರುವುದನ್ನೆಲ್ಲ ಅದು ಆಚೆಯ ಕಡೆಯಿಂದಲೂ ಅಳಿಸಿಹಾಕುತ್ತದೆ.

ಕಡೆಯದಾಗಿ ಒಂದು ಪರೀಕ್ಷೆ. ಎರಡು ಫೈಲುಗಳು ಗಾತ್ರದಲ್ಲಿ ಸಮನಾಗಿದ್ದ ಮಾತ್ರಕ್ಕೆ ಒಂದೇ ಎನ್ನಲಾಗದು. ಫೈಲಿನ ಪ್ರತಿಯೊಂದು ಬೈಟನ್ನೂ ಓದಿ ಅದಕ್ಕೆ ಬೆರಳಚ್ಚಿನಂಥ ಸಂಖ್ಯೆಯೊಂದನ್ನು ಕೊಡುವ ಎಸ್.ಎಚ್.ಎ.-256 ಮುಂತಾದ ಲೆಕ್ಕಗಳುಂಟು. ಎರಡು ಕಡೆಗಳಲ್ಲಿಯೂ ಆ ಸಂಖ್ಯೆ ಒಂದೇ ಬಂದರೆ ಫೈಲು ಸುರಕ್ಷಿತವಾಗಿ ಸೇರಿದೆ ಎಂದು ನಂಬಬಹುದು. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಅಷ್ಟು ಮುಗಿಯುವವರೆಗೆ, ಯಂತ್ರ ಎಷ್ಟೇ ಧೈರ್ಯ ಹೇಳಲಿ, ಮೂಲವನ್ನು ಅಳಿಸಲು ಕೈ ಮುಂದಾಗದಿರಲಿ.