ಮಕ್ಕಳ ಕೈಗೆ ವಯರು, ಬಲ್ಬು: ತೆರಿಗೆ, ಲ್ಯಾಬು ಮತ್ತು ನಮ್ಮ ಮನೆಯ ಎಲೆಕ್ಟ್ರಿಷಿಯನ್

2025ರ ಸೆಪ್ಟಂಬರ್ 22ರಿಂದ ಹೊಸ ಜಿಎಸ್‌ಟಿ ದರ ಬಂದಾಗ ಆಟಿಕೆಗಳ ತೆರಿಗೆ ಶೇ.12ರಿಂದ ಶೇ.5ಕ್ಕೆ ಇಳಿಯಿತು ಎಂದು ಎಲ್ಲರೂ ಖುಷಿಪಟ್ಟರು. ಸುದ್ದಿ ಸರಿಯೇ. ಆದರೆ ಅದರೊಳಗೆ ಒಂದು ಸಣ್ಣ ಗೆರೆ ಉಂಟು. ಇಳಿದದ್ದು ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳಿಗೆ. ಮೂರು ಗಾಲಿಯ ಸೈಕಲ್, ಗೊಂಬೆ, ಪಝಲ್ ಅಗ್ಗವಾಯಿತು. ಬ್ಯಾಟರಿ, ಬಲ್ಬು, ಸ್ವಿಚ್ಚು, ಬಝರ್ ಜೋಡಿಸಿ ಕರೆಂಟ್ ಅಂದರೆ ಏನು ಅಂತ ಮಗುವಿಗೆ ಕಲಿಸುವ ಕಿಟ್ ಎಲೆಕ್ಟ್ರಾನಿಕ್ ಆಟಿಕೆ ಎಂದು ಬಿಲ್ ಆದರೆ ಈ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ. ಸುಮ್ಮನೆ ನೋಡುವ ಗೊಂಬೆಗೆ ಕಡಿಮೆ ತೆರಿಗೆ, ತಲೆ ಓಡಿಸುವ ಕಿಟ್‌ಗೆ ಜಾಸ್ತಿ!

ಇದಕ್ಕೂ ಮೊದಲಿನ ಕತೆ ಇದೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ.20ರಿಂದ ಶೇ.60ಕ್ಕೆ ಏರಿತು. 2023ರಲ್ಲಿ ಶೇ.70 ಆಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಚೀನಾದ ಕಳಪೆ ಮಾಲು ತಡೆಯಲಿಕ್ಕೆ, ನಮ್ಮಲ್ಲೇ ಆಟಿಕೆ ತಯಾರಾಗಲಿಕ್ಕೆ ಮಾಡಿದ ಕ್ರಮ ಇದು. ಮಕ್ಕಳ ಸುರಕ್ಷತೆಯ ಮಟ್ಟಿಗೆ ಒಳ್ಳೆಯದೇ. ಆದರೆ ಹೊರದೇಶದಲ್ಲಿ ತಯಾರಾಗುವ ಹೆಸರುವಾಸಿ ಸರ್ಕ್ಯೂಟ್ ಕಿಟ್‌ಗಳು ಇದರಿಂದ ಮಧ್ಯಮ ವರ್ಗದ ಕೈಯಿಂದಲೂ ದೂರ ಹೋದವು.

ಈ ಕಿಟ್‌ಗಳು ಅಂದರೆ ಏನು? ಅಮೆರಿಕದ ಇಲಿನಾಯ್‌ನ ಎಲೆಂಕೋ ಕಂಪೆನಿಯ ‘ಸ್ನ್ಯಾಪ್ ಸರ್ಕ್ಯೂಟ್ಸ್’ ಇದರಲ್ಲಿ ಬಹಳ ಹೆಸರು ಮಾಡಿದ್ದು. ಅಂಗಿಯ ಪ್ರೆಸ್ ಬಟನ್ ಇರುತ್ತದಲ್ಲ, ಹಾಗೆ ಒಂದರ ಮೇಲೆ ಒಂದು ಟಕ್ಕೆಂದು ಒತ್ತಿದರೆ ಸರ್ಕ್ಯೂಟ್ ತಯಾರು. ವಯರ್ ಸುಲಿಯುವ ಕೆಲಸವೂ ಇಲ್ಲ, ಸೋಲ್ಡರಿಂಗೂ ಇಲ್ಲ. ‘ಲಿಟಲ್‌ಬಿಟ್ಸ್’ ಇನ್ನೊಂದು. ಅದನ್ನು ಕಟ್ಟಿದವರು ಬೈರೂತ್‌ನಲ್ಲಿ ಬೆಳೆದ ಅಯಾ ಬ್ದೈರ್ ಎಂಬ ಲೆಬನಾನಿ ಹೆಣ್ಣುಮಗಳು, ಎಂಜಿನಿಯರ್. 2011ರಲ್ಲಿ ಶುರು ಮಾಡಿದ ಆ ಕಂಪೆನಿಯನ್ನು 2019ರಲ್ಲಿ ಸ್ಫೀರೋ ಕೊಂಡುಕೊಂಡಿತು. ಅದರ ತುಂಡುಗಳಿಗೆ ಬಣ್ಣದ ಗುರುತು ಇತ್ತು: ನೀಲಿ ಅಂದರೆ ವಿದ್ಯುತ್ತಿನ ಮೂಲ, ಗುಲಾಬಿ ಅಂದರೆ ಸ್ವಿಚ್ಚು, ಸೆನ್ಸರ್‌ಗಳು, ಹಸಿರು ಅಂದರೆ ಬೆಳಕು, ಸದ್ದು, ತಿರುಗುವ ಮೋಟಾರು. ಅಯಸ್ಕಾಂತದಿಂದ ಕೂಡಿಕೊಳ್ಳುವ ತುಂಡುಗಳಾದ್ದರಿಂದ ತಿರುಗಾಮುರುಗಾ ಜೋಡಿಸಲು ಹೋದರೆ ಅವೇ ದೂಡಿಕೊಳ್ಳುತ್ತವೆ.

ಮಿನ್ನೆಸೋಟದ ಸೇಂಟ್ ಥಾಮಸ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಆ್ಯನ್‌ಮೇರಿ ಥಾಮಸ್ ಮಾಡಿದ್ದು ಇನ್ನೂ ಮಜಾ ಇದೆ. ಅವರದ್ದು ಹಿಟ್ಟಿನ ಸರ್ಕ್ಯೂಟ್. ಉಪ್ಪು ಹಾಕಿ ಕಲಸಿದ ಹಿಟ್ಟಿನಲ್ಲಿ ಕರೆಂಟ್ ಹರಿಯುತ್ತದೆ. ಉಪ್ಪಿಲ್ಲದೆ, ಸಕ್ಕರೆ ಹಾಕಿ ಡಿಸ್ಟಿಲ್ಡ್ ನೀರಿನಲ್ಲಿ ಕಲಸಿದ್ದರಲ್ಲಿ ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನ ಹಿಟ್ಟಿನ ಎರಡು ಉಂಡೆ, ನಡುವೆ ಸಕ್ಕರೆ ಹಿಟ್ಟಿನ ಗೋಡೆ, ಒಂದೊಂದು ಉಂಡೆಗೆ ಬ್ಯಾಟರಿಯ ಒಂದೊಂದು ತುದಿ, ಎಲ್‌ಇಡಿಯ ಎರಡು ಕಾಲು ಎರಡು ಉಂಡೆಗೆ. ದೀಪ ಉರಿಯುತ್ತದೆ. ಉಂಡೆಗಳು ಒಂದಕ್ಕೊಂದು ತಾಗಿದರೆ ಆರಿಹೋಗುತ್ತದೆ, ಯಾಕೆಂದರೆ ಕರೆಂಟ್‌ಗೆ ಸುಲಭದ ದಾರಿ ಸಿಕ್ಕಿತು. ಅದೇ ಶಾರ್ಟ್ ಸರ್ಕ್ಯೂಟ್. ಪೊರೋಟಕ್ಕೆ ಹಿಟ್ಟು ಕಲಸುವ ಮನೆಯಲ್ಲಿ ಇದಕ್ಕೆ ಬೇಕಾದ ಅರ್ಧ ಸಾಮಾನು ಆಗಲೇ ಇದೆ.

ಈಗ ನಮ್ಮ ಮನೆಗಳ ಕಡೆ ನೋಡುವ. ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಮಕ್ಕಳಿಗೆ ಬರುವುದು ಏನು? ರಿಮೋಟ್ ಕಾರು, ಹಾಡುವ ಗೊಂಬೆ, ಹಾರುವ ಹೆಲಿಕಾಪ್ಟರು. ಪೆರ್ನಾಲಿಗೆ ಸಿಗುವುದೂ ಅದೇ. ಮೂರು ದಿನ ಓಡುತ್ತದೆ, ನಾಲ್ಕನೇ ದಿನ ಮಗು ಸ್ಕ್ರೂ ಬಿಚ್ಚಲು ಹೊರಡುತ್ತದೆ. “ಹಾಳು ಮಾಡ್ಬೇಡ, ಎಷ್ಟು ಕೊಟ್ಟದ್ದು ಗೊತ್ತುಂಟಾ?” ಎಂದು ಉಮ್ಮ ಬಯ್ಯುತ್ತಾರೆ. ಕಾರು ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಅಲ್ಲಿಗೆ ಕಲಿಕೆ ಮುಗಿಯಿತು. ನನಗೆ ಕೇಳಿದರೆ ಆ ಮಗು ಸ್ಕ್ರೂ ಬಿಚ್ಚಲು ಹೊರಟದ್ದೇ ಆ ಆಟಿಕೆಯಿಂದಾದ ದೊಡ್ಡ ಲಾಭ.

ಗುಂಡಿ ಒತ್ತಿದರೆ ಓಡುವ ಆಟಿಕೆಗೂ ಸರ್ಕ್ಯೂಟ್ ಆಟಿಕೆಗೂ ವ್ಯತ್ಯಾಸ ಇಲ್ಲಿಯೇ. ಎರಡನೆಯದು ಮೊದಲ ಸಲ ಹೆಚ್ಚಾಗಿ ಉರಿಯುವುದೇ ಇಲ್ಲ. ವಯರ್ ಸಡಿಲ ಆಗಿರಬಹುದು. ಸೆಲ್ ತಿರುಗಿಸಿ ಹಾಕಿರಬಹುದು. ಎಲ್‌ಇಡಿಯ ಉದ್ದ ಕಾಲು ಪ್ಲಸ್‌ಗೆ ಹೋಗಬೇಕು, ಅದು ಉಲ್ಟಾ ಆಗಿರಬಹುದು. ಆರು ವರ್ಷದ ಮಗು ಒಂದೊಂದಾಗಿ ತಪ್ಪು ಹುಡುಕುತ್ತದೆ. ಎಸಿ ರಿಪೇರಿಗೆ ಹೋದ ಮೆಕ್ಯಾನಿಕ್ ಮಾಡುವ ಕೆಲಸವೂ ಇದೇ.

ಮೆಕ್ಯಾನಿಕ್ ಅಂದಾಗ ನೆನಪಾಗುವುದು. ನಮ್ಮ ಸಮುದಾಯದಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಬರ ಇಲ್ಲ. ದುಬೈ, ಜುಬೈಲ್, ದೋಹಾಗಳಲ್ಲಿ ಪ್ಯಾನೆಲ್ ಬೋರ್ಡ್ ಕಟ್ಟಿ, ಎಸಿ ರಿಪೇರಿ ಮಾಡಿ ಮನೆ ಕಟ್ಟಿಸಿದ ಎಷ್ಟೋ ಕುಟುಂಬಗಳು ಉಳ್ಳಾಲದಿಂದ ಉಪ್ಪಿನಂಗಡಿಯವರೆಗೆ ಇವೆ. ಇನ್ನೊಂದು ಕಡೆ ಇನ್ನೋಳಿಯಲ್ಲಿ ಬ್ಯಾರೀಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ನಡುಪದವಿನಲ್ಲಿ ಪಿ.ಎ. ಎಂಜಿನಿಯರಿಂಗ್ ಕಾಲೇಜು ಇವೆ. ಮೇಲೆ ಕಾಲೇಜು ಉಂಟು, ಮನೆಯಲ್ಲಿ ಕೈಕಸುಬು ಗೊತ್ತಿದ್ದವರು ಇದ್ದಾರೆ. ನಡುವೆ ಇರುವ ಮಗು ಮಾತ್ರ ಹನ್ನೆರಡನೇ ವರ್ಷದವರೆಗೆ ಒಂದು ಬಲ್ಬನ್ನು ತಾನಾಗಿ ಉರಿಸಿ ನೋಡುವುದಿಲ್ಲ. ಕೈಕೆಲಸ ಅಂದರೆ ಓದಲಾಗದವರ ದಾರಿ ಎಂಬ ಭಾವನೆ ಹಲವರಲ್ಲಿ ಗಟ್ಟಿಯಾಗಿದೆ. ಬಿಸಿಲಲ್ಲಿ ದುಡಿದ ತಂದೆಯೇ “ನನ್ನ ಹಾಗೆ ಆಗೋದು ಬೇಡ” ಅಂತ ಮಗನ ಕೈಯಿಂದ ಟೆಸ್ಟರ್ ಕಸಿದುಕೊಳ್ಳುತ್ತಾನೆ. ಅವನ ನೋವು ಅರ್ಥ ಆಗ್ತದೆ. ಆದರೆ ಎಂಜಿನಿಯರ್ ಆಗಲಿಕ್ಕೂ ಅದೇ ಟೆಸ್ಟರ್ ಬೇಕಲ್ಲ!

ಶಾಲೆಯಲ್ಲಿ ಕಲಿಯಲಿ ಎನ್ನುವವರಿಗೆ ಎರಡು ಮಾತು. ಎನ್‌ಸಿಇಆರ್‌ಟಿಯ ಹಳೆಯ 6ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ ಮತ್ತು ಸರ್ಕ್ಯೂಟ್‌ಗಳ ಪಾಠ ಇತ್ತು. 2025ರಲ್ಲಿ ಬಂದ ಹೊಸ ಪುಸ್ತಕದಲ್ಲಿ ಸರ್ಕ್ಯೂಟ್ ಪಾಠ ಇರುವುದು 7ನೇ ತರಗತಿಗೆ. ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ದೇಶದಲ್ಲಿ 10,000ದಷ್ಟು ಆಗಿವೆ, 2025ರ ಬಜೆಟ್‌ನಲ್ಲಿ ಐದು ವರ್ಷದೊಳಗೆ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಮಾಡುವ ಘೋಷಣೆ ಆಗಿದೆ. ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಯ ಅನುದಾನದ ಯೋಜನೆ ಅದು. ನಮ್ಮ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ಇರುವವರು ಇದನ್ನು ವಿಚಾರಿಸಲೇಬೇಕು. ಆದರೆ ಲ್ಯಾಬ್ ಇರುವುದು 6ರಿಂದ 12ನೇ ತರಗತಿಯವರಿಗೆ. ಮೂರರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ, ಅಂದರೆ ಕೈ ಸುಮ್ಮನಿರದ ಪ್ರಾಯದವರಿಗೆ, ಅಲ್ಲಿ ಜಾಗ ಇಲ್ಲ. ಅದು ಮನೆಯ ಮತ್ತು ಮೊಹಲ್ಲಾದ ಕೆಲಸ.

ದುಬಾರಿ ಕಿಟ್ ಇಲ್ಲದೆ ಆಗುತ್ತದಾ? ಆಗುತ್ತದೆ. ಎರಡು ಪೆನ್ಸಿಲ್ ಸೆಲ್, ಅದರ ಹೋಲ್ಡರ್, ಟಾರ್ಚ್ ಬಲ್ಬು, ಒಂದು ಸ್ವಿಚ್ಚು, ಒಂದೆರಡು ಮೀಟರ್ ವಯರು. ಎಲ್ಲ ಸೇರಿ ನೂರಿನ್ನೂರು ರೂಪಾಯಿಯೊಳಗೆ ಮುಗಿಯುವ ಸಾಮಾನು. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ್ ಗುಪ್ತಾ ಜೀವನಪೂರ್ತಿ ಮಾಡಿದ್ದು ಇದನ್ನೇ. ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ತೋರಿಸಿದ ಮೋಟಾರಿಗೆ ಬೇಕಾದ್ದು ಒಂದು ಸೆಲ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಸ್ವಲ್ಪ ತಾಮ್ರದ ವೈಂಡಿಂಗ್ ತಂತಿ. ತಂತಿಯನ್ನು ಹತ್ತು ಸುತ್ತು ಸುತ್ತಿ, ತುದಿಗಳ ಮೇಲಿನ ವಾರ್ನಿಶ್ ಕೆರೆದು, ಒಂದು ಬದಿಯಲ್ಲಿ ಮಾತ್ರ ಉಳಿಸಿ ಪಿನ್ನಿನ ಕಣ್ಣಿಗೆ ಕೂರಿಸಿದರೆ ಗಿರ್ರನೆ ತಿರುಗುತ್ತದೆ. ಪೂರ್ತಿ ಕೆರೆದರೆ ತಿರುಗುವುದಿಲ್ಲ. ಯಾಕೆ ಎಂದು ಮಗುವೇ ಕೇಳುತ್ತದೆ, ಆಗ ಫ್ಯಾನ್ ವೈಂಡಿಂಗ್ ಗೊತ್ತಿದ್ದ ಕಾಕನನ್ನು ಕರೆಯಿರಿ. ಅವರ ವೀಡಿಯೊಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಮಕ್ಕಳು ಮೊಬೈಲ್ ಹಿಡಿದೇ ಹಿಡಿಯುತ್ತಾರೆ, ಇದನ್ನಾದರೂ ನೋಡಲಿ.

ಹೆತ್ತವರ ಹೆದರಿಕೆ ಸುಳ್ಳಲ್ಲ. ವಯರ್ ಆಟ ಕಲಿತ ಮಗು ಗೋಡೆಯ ಸಾಕೆಟ್‌ಗೂ ವಯರ್ ತುರುಕಿದರೆ? ಎರಡು ಸೆಲ್ ಅಂದರೆ 3 ವೋಲ್ಟ್, ಗೋಡೆಯಲ್ಲಿರುವುದು 230 ವೋಲ್ಟ್. ಮೊದಲ ದಿನವೇ ಇದನ್ನು ಹೇಳಿ, ಪ್ರತಿ ದಿನ ಹೇಳಿ. ಮನೆಯಲ್ಲಿ 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವ ನಮ್ಮ ಕರಾವಳಿಯಲ್ಲಿ ಅದು ಮಕ್ಕಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಬೇಕು. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್ ಬಿಚ್ಚಿದ ಲಿಥಿಯಂ ಸೆಲ್ ಆಟಕ್ಕೆ ಕೊಡಲೇಬೇಡಿ, ಶಾರ್ಟ್ ಆದರೆ ಬೆಂಕಿ ಹಿಡಿಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನಾಣ್ಯದ ಆಕಾರದ ಬಟನ್ ಸೆಲ್. ನುಂಗಿದ ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಬಿದ್ದರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯ ಆಗುತ್ತದೆ. ವಾಂತಿ ಮಾಡಿಸಲು ಹೋಗದೆ ನೇರ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಮೆರಿಕದಲ್ಲಿ ಇದಕ್ಕೆಂದೇ 2022ರಲ್ಲಿ ರೀಸ್ ಕಾನೂನು ಮಾಡಿದರು. ಅಗ್ಗದ ಲೈಟ್ ಆಟಿಕೆ ಕೊಳ್ಳುವಾಗ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಉಂಟಾ, ಐಎಸ್‌ಐ ಮುದ್ರೆ ಉಂಟಾ ನೋಡಿ. ಮುದ್ರೆ ಇಲ್ಲದ್ದನ್ನು ಮಾರುವಂತೆಯೇ ಇಲ್ಲ.

ಇನ್ನೊಂದು ಮಾತು ಹೇಳದೆ ಬಿಡುವುದು ಸರಿಯಲ್ಲ. ಕಿಟ್ ಮನೆಗೆ ಬಂದರೂ ಅದು ಹೋಗುವುದು ಗಂಡುಮಗುವಿನ ಕೈಗೆ, ಹೆಣ್ಣುಮಗುವಿಗೆ ಅಡುಗೆ ಸೆಟ್. ಮೇಲೆ ಹೇಳಿದ ಎರಡು ಆಟಿಕೆಗಳನ್ನು ರೂಪಿಸಿದವರು ಹೆಂಗಸರು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷ ಹೆಣ್ಣುಮಕ್ಕಳೇ ಮುಂದೆ ಇರುವಾಗ ಸ್ಕ್ರೂ ಡ್ರೈವರ್ ಮಾತ್ರ ಹುಡುಗರಿಗೆ ಯಾಕೆ?

ಮುಸ್ಲಿಮರು ವಿಜ್ಞಾನಕ್ಕೆ ಕೊಟ್ಟ ಕೊಡುಗೆ ಎಂದು ಭಾಷಣಗಳಲ್ಲಿ ಅಲ್ ಜಝರಿಯ ಹೆಸರು ಬರುತ್ತದೆ. 1206ರಲ್ಲಿ ಅವರು ಮುಗಿಸಿದ ಗ್ರಂಥದಲ್ಲಿ ಯಂತ್ರಗಳ ಚಿತ್ರ ಮಾತ್ರ ಅಲ್ಲ, ಇನ್ನೊಬ್ಬರು ಅದನ್ನು ಮಾಡಿ ನೋಡುವ ಹಾಗೆ ವಿವರವೂ ಇತ್ತು. ನಾವು ಹೆಸರು ಹೇಳಿ ಚಪ್ಪಾಳೆ ತಟ್ಟುತ್ತೇವೆ, ಮಾಡಿ ನೋಡುವುದನ್ನು ಬಿಟ್ಟಿದ್ದೇವೆ.

ಮೀಲಾದ್ ಸ್ಪರ್ಧೆಗಳಲ್ಲಿ ಮದ್ರಸದ ಮಕ್ಕಳಿಗೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ, ಗೋಡೆ ಗಡಿಯಾರ ಕೊಡುತ್ತೇವೆ. ಕಿರಿಯರ ವಿಭಾಗದ 30 ಬಹುಮಾನಕ್ಕೆ ತಲಾ 200 ರೂಪಾಯಿಯ ಸೆಲ್, ಬಲ್ಬು, ಸ್ವಿಚ್ಚಿನ ಪೊಟ್ಟಣ ಕೊಟ್ಟರೆ ಒಟ್ಟು 6,000 ರೂಪಾಯಿ. ಡಬ್ಬಿಗೂ ಹೆಚ್ಚುಕಮ್ಮಿ ಅಷ್ಟೇ ಖರ್ಚು. ಮದ್ರಸಕ್ಕೆ ರಜೆ ಇರುವ ದಿನ ಎರಡು ಗಂಟೆ ಮದ್ರಸದ ಹಾಲ್ ತೆರೆದು, ಊರಿಗೆ ರಜೆಯಲ್ಲಿ ಬಂದ ಎಲೆಕ್ಟ್ರಿಷಿಯನ್ ಒಬ್ಬರನ್ನು, ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗಿಯರನ್ನು ಕೂರಿಸಬಹುದು. ಜಮಾಅತ್ ಕಮಿಟಿಯ ಮುಂದಿನ ಮೀಟಿಂಗ್‌ನಲ್ಲಿ ಯಾರಾದರೂ ಒಬ್ಬರು ಎದ್ದು ಇದನ್ನು ಹೇಳಬೇಕು, ಮೀಲಾದ್ ಬಹುಮಾನದ ಆರ್ಡರ್ ಕೊಡುವ ಮೊದಲು.